ಬೆನ್ನು ತಿರುಗಿಸಿ ಕೂತ ಸಾವಂತ್ರೆವ್ವ

ನಿಜಾಮಸಾಬರು ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾದ ಮೇಲೆ ಕಲಾವಿದರಾದರು. ಇದರಲ್ಲಿ ನಮ್ಮೂರಿನವರ ತಪ್ಪೇನೂ ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ನಾವು ಬೇರೆ ದಾರಿಗಳನ್ನು ತೋರಿಸಿದ್ದೆವು. ಕಿರಾಣಿ ಅಂಗಡಿ ಹಾಕ್ರಿ ಅಂದೆವು, ಎಮ್ಮಿ ಕಟ್ರಿ ಅಂದೆವು, ಏನೂ ಬೇಡವಾದರೆ ನಮ್ಮ ಜೊತೆ ಕಟ್ಟೆಯ ಮೇಲೆ ಸುಮ್ಮನೆ ಕೂಡ್ರಿ ಅಂದೆವು. ಅವರು ಕೇಳಲಿಲ್ಲ. ಮೊಬೈಲಿನಲ್ಲಿ ಯಾರೋ ಗಡ್ಡದವನು ಬಯಲಿನಲ್ಲಿ ಸ್ಟೂಲು ಹಾಕಿಕೊಂಡು ಕೂತು, ನೀರುಬಣ್ಣದಲ್ಲಿ ಗುಡ್ಡ, ಹೊಳೆ, ಹುಲ್ಲುಗಾವಲು ಬಿಡಿಸುವುದನ್ನು ನೋಡಿ, "ಇದು ನನಗೂ ಬರತೈತಿ" ಅಂದರು. ಕೆಟ್ಟ ಕಾಲ ಶುರುವಾಗುವುದು ಇಂಥ ಮಾತಿನಿಂದಲೇ.

ಹುಬ್ಬಳ್ಳಿಗೆ ಹೋಗಿ ಬಣ್ಣದ ಡಬ್ಬಿ, ಕುಂಚ, ದಪ್ಪ ಕಾಗದ, ಮಡಚುವ ಸ್ಟೂಲು ಎಲ್ಲ ತಂದರು. ಹೆಂಡತಿ ಜಮೀಲಾಬಿ ಒಂದೊಂದನ್ನೇ ಎತ್ತಿ ನೋಡಿ, "ಈ ವಯಸ್ಸಿನ್ಯಾಗ ಸಾಲಿ ಹುಡುಗರ ಸಾಮಾನು ತಂದೀರಿ. ಮನಿ ಗ್ವಾಡಿಗೆ ಸುಣ್ಣಾ ಕಂಡು ಎಷ್ಟ ವರ್ಷ ಆತು, ಅದನ್ನಾರ ಹಚ್ರಿ" ಎಂದಳು.

"ಸುಣ್ಣಾ ಹಚ್ಚಾಕ ಆಳು ಸಿಗತಾರ. ಕಲಾ ಮಾಡಾಕ ಸಿಗಂಗಿಲ್ಲ" ಎಂದು ಅವರು ಅಗದಿ ಗಂಭೀರವಾಗಿ ಉತ್ತರ ಕೊಟ್ಟರು.

ತೊಂದರೆ ಏನೆಂದರೆ, ಆ ಗಡ್ಡದವನಿಗೆ ಗುಡ್ಡವಿತ್ತು, ಹೊಳೆಯಿತ್ತು. ನಮ್ಮದು ಅಣ್ಣಿಗೇರಿ ಸೀಮೆ. ಇಲ್ಲಿ ಕೆಳಗೆ ಕರಿ ಎರೆಭೂಮಿ, ಮೇಲೆ ಮುಗಿಲು, ನಡುವೆ ಒಂದು ಗೆರೆ. ಮರ ಬೇಕೆಂದರೆ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ನಡೆದುಕೊಂಡು ಹೋಗಿ ಹುಡುಕಬೇಕು. ನಿಜಾಮಸಾಬರು ದಿನಾ ಮುಂಜಾನೆ ಸ್ಟೂಲು ಹೊತ್ತು ಹೋಗಿ, ಕೆಳಗೆ ಕರಿ ಬಣ್ಣ, ಮೇಲೆ ಬೂದಿ ಬಣ್ಣ ಬಳಿದು, ಒಣಗಿದ ಮೇಲೆ ಮನೆಗೆ ತಂದು ಗೋಡೆಗೆ ಅಂಟಿಸಿದರು. ನೋಡಲು ಹೋದವರೆಲ್ಲ ಚಹಾ ಕುಡಿದು ಸುಮ್ಮನೆ ಬಂದರು. ಒಬ್ಬಿಬ್ಬರು ಮಾತ್ರ ಕಂಬಳಿ ಒಣಗಹಾಕಿದಂಗ ಐತಿ ಅಂದರು. ಅಂದಿದ್ದು ನಿಜವೇ ಇತ್ತು, ಆದರೆ ಮನುಷ್ಯನಿಗೆ ಬೇಸರವಾಗುತ್ತದೆ.

ಅವರ ಬಾಜು ಮನೆ ಸಾವಂತ್ರೆವ್ವನದು. ಗಂಡ ತೀರಿದ ಮೇಲೆ ಒಬ್ಬನೇ ಮಗ ಭರಮಪ್ಪನನ್ನು ಸಾಕಿ, ಹೊಲ ನೋಡಿಕೊಂಡು, ಊರಿನ ಎಲ್ಲರ ಜೊತೆ ಜಗಳವಾಡಿಕೊಂಡು ಇದ್ದ ಹೆಂಗಸು. ಆಕೆಯ ಬಾಯಿ ಖಾರ, ಆಕೆಯ ರಂಜಕ ಅದಕ್ಕಿಂತ ಖಾರ. ವರ್ಷಕ್ಕೊಮ್ಮೆ ಹಣ್ಣು ಮೆಣಸಿನಕಾಯಿ ಬಂದಾಗ ಬೆಳ್ಳುಳ್ಳಿ, ಉಪ್ಪು, ಲಿಂಬಿಹುಳಿ ಹಾಕಿ ಹಿತ್ತಲಿನ ಒಳಕಲ್ಲಿನಲ್ಲಿ ರುಬ್ಬಿ, ಒಂದು ಭರಣಿ ಜಮೀಲಾಬಿಗೂ ಕೊಡುತ್ತಿದ್ದಳು. ಕೊಡುವಾಗ "ಭರಣಿ ತೊಳದು ಕೊಡಬೇ, ಹೋದ ವರ್ಷದ್ದು ಜಿಡ್ಡ ಹಂಗ ಇತ್ತು" ಎಂದು ಬೈದೇ ಕೊಡುತ್ತಿದ್ದಳು.

ಆ ದಿನ ಮುಗಿಲಿಗೆ ಮೋಡ ಕವಿದು ಹೊತ್ತು ಏರಿದ್ದೇ ಗೊತ್ತಾಗುತ್ತಿರಲಿಲ್ಲ. ನಿಜಾಮಸಾಬರು ಭರಮಪ್ಪನ ಕಡಲೆ ಹೊಲದ ಬದುವಿನ ಮೇಲೆ ಬನ್ನಿಗಿಡದ ಕೆಳಗೆ ಕೂತು ಚಿತ್ರ ಮುಗಿಸುತ್ತಿದ್ದರು. ಹಸಿವಾಯಿತು. ಬಣ್ಣ ಒಣಗುವುದರೊಳಗೆ ಕೆಲಸ ಮುಗಿಯಬೇಕೆಂದು ಆ ಗಡ್ಡದವನು ಹೇಳಿದ್ದ, ಹಾಗಾಗಿ ಚಿತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬುತ್ತಿ ಬಿಚ್ಚಿ, ರೊಟ್ಟಿಗೆ ಕುಸುಬಿ ಎಣ್ಣೆ ಹಾಕಿದ ರಂಜಕ ಹಚ್ಚಿಕೊಂಡು ತಿನ್ನತೊಡಗಿದರು. ಅರ್ಧ ರೊಟ್ಟಿ ಹೊಟ್ಟೆಗೆ ಹೋಯಿತು, ರಂಜಕದ ಒಂದು ಹನಿ ಚಿತ್ರದ ಕರಿ ಹೊಲದ ಮೇಲೆ ಬಿತ್ತು.

ಒರೆಸಿದರು, ಅದು ಇನ್ನಷ್ಟು ಹರಡಿತು. ನೀರು ಹಚ್ಚಿದರು, ಮೇಲೆ ಸಣ್ಣದಾಗಿ, ಕೆಳಗೆ ದಪ್ಪಗಾಗಿ ಕೂತಿತು. ಸುತ್ತಲೂ ಎಣ್ಣೆ ಹಬ್ಬಿ ಒಂದು ಹಳದಿ ವರ್ತುಲ ಆಯಿತು. ಅದೇ ಹೊತ್ತಿಗೆ ಭರಮಪ್ಪ ಹೊಲದ ಕಡೆಯಿಂದ ಬಂದು ಹಿಂದೆ ನಿಂತ. ಮಾತು ಕಡಿಮೆ ಇರುವ ಹುಡುಗ. ಹುಡುಗ ಅಂದರೆ ಮೀಸೆಯಲ್ಲಿ ಬಿಳಿ ಕೂದಲು ಬಂದಿದ್ದವು, ಆದರೆ ತಾಯಿ ಇರುವ ತನಕ ನಮ್ಮೂರಲ್ಲಿ ಎಲ್ಲರೂ ಹುಡುಗರೇ. ಅವನು ಬಹಳ ಹೊತ್ತು ಚಿತ್ರ ನೋಡಿದ.

"ಕಾಕಾ, ಇದು ನಮ್ಮವ್ವ ಅಲ್ಲೇನ್ರಿ?" ಅಂದ. "ಕಡ್ಲಿಸೊಪ್ಪು ಹರಿಯುವಾಗ ಹಿಂಗ ಕುಕ್ಕರಗಾಲಿಲೆ ಕೂಡ್ತಾಳ ನೋಡ್ರಿ. ಇಳಕಲ್ ಸೀರಿ ಕೆಂಪು ಸೆರಗು ಸೈತ ಹಂಗ ಬಂದೈತಿ."

ನಿಜಾಮಸಾಬರ ಚಿತ್ರವನ್ನು ನೋಡಿ ಒಬ್ಬ ಮನುಷ್ಯ ಏನನ್ನಾದರೂ ಗುರುತಿಸಿದ್ದು ಅದೇ ಮೊದಲು. ಸಾವಂತ್ರೆವ್ವ ಅವತ್ತು ಹೊಲಕ್ಕೆ ಬಂದೇ ಇರಲಿಲ್ಲ. ಆದರೂ ನಿಜಾಮಸಾಬರು ರೊಟ್ಟಿಯನ್ನು ಬೆನ್ನ ಹಿಂದೆ ಸರಿಸಿ, "ಹೌದು ಮತ್ತ" ಅಂದುಬಿಟ್ಟರು.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಮುಂದಿನ ವಾರ ಸಾವಂತ್ರೆವ್ವ ಊಟ ಮಾಡಿ, ಎಮ್ಮಿಗೆ ಬೈದು, ಮಲಗಿದವಳು ಏಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಬೀಗರು, ನೆಂಟರೆಲ್ಲ ಜಮಾಯಿಸಿದರು. ಅವರ ಮುಂದಾಳು ಸತ್ತವಳ ತಂಗಿ ಮೈಲಾರವ್ವ. ಅಳುವುದು, ಅಳಿಸುವುದು, ಯಾರು ಎಷ್ಟು ಅತ್ತರು ಎಂದು ನೋಡುವುದು ಎಲ್ಲ ಆಕೆಯ ಜವಾಬ್ದಾರಿ. ಭರಮಪ್ಪ ಅಳಲಿಲ್ಲ. ಕಂಬಕ್ಕೆ ಒರಗಿ ಅಂಗಳ ನೋಡುತ್ತ ಕೂತಿದ್ದ. "ಹೆತ್ತಾಕಿ ಹೋಗ್ಯಾಳ, ಕಣ್ಣಾಗ ಒಂದ ಹನಿ ನೀರಿಲ್ಲ. ಇದೆಂಥಾ ಮಗಾ" ಎಂಬ ಮಾತನ್ನೂ ಮೈಲಾರವ್ವ ಬಂದವರಿಗೆಲ್ಲ ಚಹಾ ಜೊತೆ ಕೊಡುತ್ತಿದ್ದಳು.

ದಿನಕರ್ಮ ಹತ್ತಿರ ಬಂತು. ಫೋಟೋ ಇಲ್ಲವೆಂದು ಆಗ ಗೊತ್ತಾಯಿತು. ಈಗ ದಿನಕರ್ಮ ಅಂದರೆ ಫೋಟೋಕ್ಕೆ ಹಾರ ಬೇಕು, ಓಣಿಯ ಬಾಯಿಗೆ ಬ್ಯಾನರ್ ಬೇಕು. ಬ್ಯಾನರ್ ಇಲ್ಲದಿದ್ದರೆ ಸತ್ತದ್ದು ಊರಿಗೆ ಖಾತ್ರಿಯಾಗುವುದಿಲ್ಲ. ಸಾವಂತ್ರೆವ್ವ ಫೋಟೋ ಅಂದರೆ ಸಿಡಿಯುತ್ತಿದ್ದಳು. ಯಾರಾದರೂ ಫೋನು ಎತ್ತಿದರೆ ಸೆರಗು ಮುಖದ ಮೇಲೆ ಎಳೆದುಕೊಳ್ಳುವಳು, ಇಲ್ಲವೇ ಕೈ ಅಡ್ಡ ಹಿಡಿಯುವಳು. ಭರಮಪ್ಪನ ಫೋನಿನಲ್ಲಿ ತಾಯಿಯ ಅಂಗೈ ಬೇಕಾದಷ್ಟಿತ್ತು, ತಾಯಿ ಇರಲಿಲ್ಲ. ಉಳಿದದ್ದು ಆಧಾರ್ ಕಾರ್ಡಿನದು. ಅದನ್ನು ದೊಡ್ಡದು ಮಾಡಿಸಿ ತಂದಾಗ ಮೈಲಾರವ್ವ ಒಮ್ಮೆ ನೋಡಿ ಗೋಡೆಯ ಕಡೆ ತಿರುಗಿಸಿ ಇಟ್ಟಳು.

"ಇದು ನಮ್ಮಕ್ಕ ಅಲ್ಲ. ಇಕಿ ಯಾರನ್ನೋ ಕೊಂದು ಬಂದಾಕಿ ಇದ್ದಂಗ ಅದಾಳ. ಇದಕ್ಕ ನಾನು ಕೈ ಮುಗಿಯಂಗಿಲ್ಲ."

ಆಗ ಭರಮಪ್ಪ ಬಾಯಿ ಬಿಟ್ಟ. "ನಿಜಾಮ ಕಾಕಾರ ಹತ್ರ ಅವ್ವ ಅದಾಳ" ಅಂದ.

ಬೀಗರೆಲ್ಲ ಒಟ್ಟಾಗಿ ಎದ್ದು ಬಾಜು ಮನೆಗೆ ನಡೆದರು. ನಿಜಾಮಸಾಬರು ಬಾಗಿಲು ತೆಗೆದು, ಇಷ್ಟು ಜನ ತಮ್ಮ ಚಿತ್ರ ನೋಡಲು ಬಂದಿದ್ದಾರೆಂದು ತಿಳಿದು ಒಂದು ಕ್ಷಣ ಖುಷಿಪಟ್ಟರು. ಯಾವ ಚಿತ್ರ ಎಂದು ಗೊತ್ತಾದಾಗ ಮುಖ ಬಿಳಿಚಿತು.

"ಅದು ಅಷ್ಟ ಚೊಲೋ ಬಂದಿಲ್ರಿ" ಅಂದರು. "ಬ್ಯಾರೇದು ತಗೋರಿ. ಇದನ್ನ ನೋಡ್ರಿ, ಇದರಾಗ ಬನ್ನಿಗಿಡಾ ಎಷ್ಟ ಚೊಲೋ ಬಂದೈತಿ."

"ಗಿಡಕ್ಕ ಹಾರ ಹಾಕೂದೇನ್ರಿ?" ಎಂದು ಮೈಲಾರವ್ವ ಕೆಂಪು ಸೆರಗಿನ ಆ ಚಿತ್ರವನ್ನೇ ಗೋಡೆಯಿಂದ ಕಿತ್ತುಕೊಂಡಳು. ಬೆಳಕಿಗೆ ಹಿಡಿದಳು. ಕಣ್ಣಲ್ಲಿ ನೀರು ಬಂತು. "ಅಕ್ಕನ ಗೂನು ನೋಡ್ರಿ. ಹೊತ್ತು ಹೊತ್ತು ಬಂದ ಗೂನು. ಸುತ್ತಲೂ ಪ್ರಭಾವಳಿ ನೋಡ್ರಿ, ಬಂಗಾರದ ಬಣ್ಣಾ. ಸಾಯೂ ಮೊದಲ ಈ ಮನುಷ್ಯಾಗ ಕಂಡೈತಿ."

ಎಲ್ಲರಿಗೂ ಪ್ರಭಾವಳಿ ಕಂಡಿತು. ನಿಜಾಮಸಾಬರಿಗೆ ಮಾತ್ರ ಕುಸುಬಿ ಎಣ್ಣೆ ಕಂಡಿತು.

ಅವರು ಹೋದ ಮೇಲೆ ಜಮೀಲಾಬಿ ಅಡುಗೆ ಮನೆಯಿಂದ ಹೊರಗೆ ಬಂದಳು. ಆ ಹನಿ ಏನೆಂದು ಆಕೆಗೆ ಮೊದಲ ದಿನವೇ ಗೊತ್ತಿತ್ತು, ಗಂಡನ ಅಂಗಿಯ ಮೇಲೂ ಅಂಥದ್ದೇ ಒಂದು ಬಿದ್ದಿತ್ತು. "ಸತ್ತ ಮನಿಯವರ ಕಡೆಯಿಂದ ರಂಜಕದ ಹನಿಗೆ ಪೂಜಿ ಮಾಡಸ್ತೀರಿ. ಖುದಾ ಮೆಚ್ಚತಾನೇನ್ರಿ? ಹೋಗಿ ಖರೆ ಹೇಳಿ ಬರ್ರಿ."

"ಹೆಂಗ ಹೇಳ್ಲಿ?" ನಿಜಾಮಸಾಬರು ತಲೆ ಹಿಡಿದುಕೊಂಡು ಕೂತರು. "ಆ ಹುಡುಗಗ ಅವ್ವ ಉಳದಿದ್ದು ಅದೊಂದರಾಗ. ಅದೂ ಅಲ್ಲ ಅಂದ್ರ ಅಕಿ ಇನ್ನೊಮ್ಮೆ ಸತ್ತಂಗ ಆಗತೈತಿ. ಹೇಳದಿದ್ರ ಅಂವಾ ಸಾಯೂತನಕಾ ನನ್ನ ಎಂಜಲಿಗೆ ಕೈ ಮುಗೀತಾನ." ಕಂಡಕ್ಟರ್ ಆಗಿದ್ದಾಗ ಎಂಥೆಂಥ ಜಗಳ ಬಿಡಿಸಿದವರು. ಈಗ ದಾರಿ ತಿಳಿಯಲಿಲ್ಲ.

ಮರುದಿನ ಮೈಲಾರವ್ವ ಮತ್ತೆ ಬಂದಳು. ಬೀಗರಲ್ಲಿ ಚರ್ಚೆಯಾಗಿ ಒಂದು ತೀರ್ಮಾನವಾಗಿತ್ತು. "ಎಲ್ಲಾ ಚೊಲೋ ಐತ್ರಿ ಸಾಹೇಬ್ರ. ಆದ್ರ ಅಕ್ಕ ಅತ್ಲಾಗ ಮಾರಿ ಹೊಳ್ಳಿಸಿ ಕೂತಾಳ. ಸ್ವಲ್ಪ ಇತ್ಲಾಗ ಹೊಳ್ಳಿಸಿ ಕೊಡ್ರಿ."

ಇದರಲ್ಲೇ ಒಂದು ದಾರಿ ಇದೆ ಎಂದು ನಿಜಾಮಸಾಬರಿಗೆ ಅನ್ನಿಸಿತು. ಬೇರೆ ಕಾಗದದ ಮೇಲೆ ಸಾವಂತ್ರೆವ್ವನ ಮುಖ ಬರೆದುಕೊಟ್ಟರೆ ಹನಿಯ ಕಾಟ ತಪ್ಪುತ್ತದೆ. ಅಂಗಳದಲ್ಲಿ ಸ್ಟೂಲು ಹಾಕಿ ಕೂತರು. ಬೀಗರು ಸುತ್ತ ನಿಂತರು. ಕುಂಚ ನೀರಿನಲ್ಲಿ ಅದ್ದಿದರು. ಕಾಗದದ ಮೇಲೆ ತಂದರು. ಕೈ ನಿಂತಿತು.

ಮುಖ ನೆನಪಿಗೆ ಬರಲಿಲ್ಲ. ಬಾಜು ಮನೆ, ನಡುವೆ ಒಂದೇ ಗೋಡೆ, ವರ್ಷಗಟ್ಟಲೆ ದಿನಾ ಕಂಡ ಮುಖ. ದನಿ ನೆನಪಿದೆ, ಬೈಗುಳ ನೆನಪಿವೆ, ಭರಣಿ ಹಿಡಿದ ಕೈ ನೆನಪಿದೆ. ಮೂಗು ಹೇಗಿತ್ತು? ಗಲ್ಲದ ಮೇಲೆ ಮಚ್ಚೆ ಎಡಕ್ಕೋ ಬಲಕ್ಕೋ? ಬೀಗರನ್ನು ಕೇಳಿದರು. ಕೆಲವರು ಎಡಕ್ಕೆ ಅಂದರು, ಕೆಲವರು ಬಲಕ್ಕೆ ಅಂದರು, ಮೈಲಾರವ್ವ ಮಚ್ಚೆಯೇ ಇರಲಿಲ್ಲ ಅಂದಳು. ಭರಮಪ್ಪನನ್ನು ಕೇಳಿದರು. ಅವನು, "ನಾನು ಅಕಿ ಮಾರಿ ಸರಿಯಾಗಿ ನೋಡೇ ಇಲ್ರಿ ಕಾಕಾ. ಊಟಕ್ಕ ಬಾ ಅಂತ ಕರೀತಿದ್ಲು, ನಾ ತಾಟು ನೋಡಿ ಉಣ್ತಿದ್ದೆ" ಅಂದ.

ಕಡೆಗೆ ನಿಜಾಮಸಾಬರು ಒಂದು ಮುಖ ಬರೆದೇ ಬರೆದರು. ಅದು ಟೋಪಿ ಇಲ್ಲದ ನಿಜಾಮಸಾಬರಂತೆಯೇ ಇತ್ತು. ಮೈಲಾರವ್ವ ಅದನ್ನು ಮಡಚಿ ಅವರ ಕೈಯಲ್ಲೇ ಇಟ್ಟು, "ಅಕ್ಕ ಅತ್ಲಾಗ ಹೊಳ್ಳಿದ್ದ ಚೊಲೋ" ಅಂದಳು.

ಚಿತ್ರ ಅಣ್ಣಿಗೇರಿಯ ಜಾಕೀರನ ಬ್ಯಾನರ್ ಅಂಗಡಿಗೆ ಹೋಯಿತು. ಭರಮಪ್ಪನ ಜೊತೆ ನಿಜಾಮಸಾಬರೂ ಹೋದರು, ಅಪರಾಧಿಗೆ ಬೇರೆ ಎಲ್ಲಿಯೂ ನೆಮ್ಮದಿ ಇರುವುದಿಲ್ಲ. ಜಾಕೀರ ಚಿತ್ರವನ್ನು ಕಂಪ್ಯೂಟರಿಗೆ ಹಾಕಿ, ಕೆಂಪು ಭಾಗವನ್ನು ದೊಡ್ಡದು ಮಾಡುತ್ತ ಹೋದ. ಪರದೆ ತುಂಬ ಕೆಂಪಾಯಿತು. ನಡುವೆ ಹಳದಿ ಬಣ್ಣದ ಚಪ್ಪಟೆಯಾದದ್ದೊಂದು ಕಂಡಿತು.

"ಅವ್ವನ ಬೆಂಡೋಲಿ" ಎಂದ ಭರಮಪ್ಪ. ಕಿವಿಯ ಆಭರಣವನ್ನೂ ಕಾಕಾ ಬಿಟ್ಟಿಲ್ಲವೆಂದು ಅವನ ದನಿಯಲ್ಲಿ ಕೃತಜ್ಞತೆ ಇತ್ತು. ಅಷ್ಟರಲ್ಲಿ ಫೋನು ಬಂದು ಹೊರಗೆ ಹೋದ.

ಜಾಕೀರ ಪರದೆಯ ಹತ್ತಿರ ಬಗ್ಗಿದ. ಆಮೇಲೆ ಚಿತ್ರದ ಹತ್ತಿರ ಬಗ್ಗಿದ. ಆಮೇಲೆ ನಿಜಾಮಸಾಬರ ಕಡೆ ತಿರುಗಿದ. "ಚಾಚಾ, ಇದು ಮೆಣಸಿನಕಾಯಿ ಬೀಜ ಐತಲ್ರಿ."

"ಮೆಲ್ಲಕ ಮಾತಾಡು."

"ಬೀಜನ ಐತ್ರಿ. ಬಳ್ಳೊಳ್ಳಿ ವಾಸನಿನೂ ಬರಾಕತ್ತೈತಿ."

"ನಿನ್ನ ಕೆಲಸಾ ಬ್ಯಾನರ್ ಮಾಡೂದು. ವಾಸನಿ ನೋಡೂದಲ್ಲ."

ಜಾಕೀರನಿಗೆ ಬಂದ ಕೆಲಸ ಕೆಲಸವೇ. ಬ್ಯಾನರ್ ಮಾಡಿದ, ಚಿತ್ರಕ್ಕೆ ಗಾಜಿನ ಕಟ್ಟು ಹಾಕಿಕೊಟ್ಟ. ದಿನಕರ್ಮದ ದಿನ ಓಣಿಯ ಬಾಯಿಗೆ ಬ್ಯಾನರ್ ಏರಿತು. ಮೇಲೆ ದೊಡ್ಡ ಅಕ್ಷರದಲ್ಲಿ ಭಾವಪೂರ್ಣ ಶ್ರದ್ಧಾಂಜಲಿ, ನಡುವೆ ಕರಿ ನೆಲದ ಮೇಲೆ ಒಂದು ಕೆಂಪು ಮುದ್ದೆ, ಕೆಳಗೆ ಶೋಕತಪ್ತರ ಫೋಟೋ. ಮೈಲಾರವ್ವನ ಮಕ್ಕಳು, ಅಳಿಯಂದಿರು ಎಲ್ಲ ಕಪ್ಪು ಕನ್ನಡಕ ಹಾಕಿಕೊಂಡು ಶೋಕ ಮಾಡುತ್ತಿದ್ದರು. ಪರ ಊರಿನಿಂದ ಬಂದವರು ಮೊದಲು ಕನ್ನಡಕದವರನ್ನು ನೋಡಿ, ಇಷ್ಟು ಜನರಲ್ಲಿ ಸತ್ತವರು ಯಾರು ಎಂದು ಕೇಳಿದರು.

ಮನೆಯೊಳಗೆ ಕುರ್ಚಿಯ ಮೇಲೆ ಚಿತ್ರವಿಟ್ಟು ಹಾರ ಹಾಕಿದ್ದರು. ಜನ ಬಂದು ಬಗ್ಗಿ ಕೈ ಮುಗಿದರು. ಪಂಚಾಯತಿ ಅಧ್ಯಕ್ಷರು ಬಂದು ಕೆಮ್ಮಿ, "ಈ ತಾಯಿ ಲೋಕಕ್ಕ ಬೆನ್ನು ತೋರ್ಸಿ ದುಡದ್ಲು, ಬೆನ್ನು ತೋರ್ಸೇ ಹ್ವಾದ್ಲು. ಅದನ್ನ ಮೊದಲ ತಿಳಕೊಂಡಾವ್ರು ನಮ್ಮ ಕಲಾವಿದ ನಿಜಾಮಸಾಬರು" ಎಂದು ಭಾಷಣ ಮಾಡಿ, ಒಂದು ಶಾಲು ತೆಗೆದು ಅವರ ಹೆಗಲಿಗೆ ಹೊದಿಸಿದರು. ನಿವೃತ್ತಿಯ ದಿನ ಆಫೀಸಿನವರು ಶಾಲು ತರಲು ಮರೆತಿದ್ದರು. ನಿಜಾಮಸಾಬರು ಬದುಕಿನಲ್ಲಿ ಹೊದ್ದ ಮೊದಲ ಶಾಲು ಅದು. ಅದನ್ನು ಹೊದ್ದು ಅವರು ಚಿತ್ರದ ಕಡೆ ನೋಡದೆ ನಿಂತರು.

ಆಮೇಲೆ ಭರಮಪ್ಪ ಬಂದ. ಕುರ್ಚಿಯ ಮುಂದೆ ಮಂಡಿಯೂರಿ, ಹಣೆಯನ್ನು ನೆಲಕ್ಕೆ ಹಚ್ಚಿದ. ಕಣ್ಣು ಒಣಗಿಯೇ ಇದ್ದವು. ಮೈಲಾರವ್ವ ಸೆರಗಿನ ಮರೆಯಿಂದ ಅದನ್ನು ನೋಡಿ, ಪಕ್ಕದವಳಿಗೆ ತೋರಿಸಿದಳು. ನಿಜಾಮಸಾಬರಿಗೆ ಇನ್ನು ತಡೆಯಲು ಆಗಲಿಲ್ಲ.

ಊಟಕ್ಕೆ ಎಲೆ ಹಾಕಿದಾಗ ಭರಮಪ್ಪನನ್ನು ಹಿತ್ತಲಿಗೆ ಕರೆದರು. ಅಲ್ಲಿ ಒಳಕಲ್ಲಿನ ಪಕ್ಕ ನಿಂತು, ಶಾಲು ತೆಗೆದು ಕೈಯಲ್ಲಿ ಹಿಡಿದು, ಎಲ್ಲ ಹೇಳಿದರು. "ಅದು ನಿಮ್ಮವ್ವ ಅಲ್ಲಪಾ. ನಾ ಸುಳ್ಳ ಹೇಳಿದೆ. ರೊಟ್ಟಿ ತಿನ್ನುವಾಗ ರಂಜಕ ಬಿತ್ತು. ಬೆಂಡೋಲಿ ಅಂದ್ಯಲ್ಲ, ಅದು ಮೆಣಸಿನಕಾಯಿ ಬೀಜ. ನೀ ಮೊದಲ ಸಲ ಚೊಲೋ ಐತಿ ಅನ್ನೂವಂಗ ನೋಡಿದಿ, ನನಗ ಬಾಯಿ ತಡೀಲಿಲ್ಲ. ಬೈ, ಹೊಡಿ, ಏನ ಬೇಕಾದ್ರೂ ಮಾಡು."

ಭರಮಪ್ಪ ಏನೂ ಮಾಡಲಿಲ್ಲ. ಒಳಕಲ್ಲಿನ ಮೇಲೆ ಕೂತ. ತಲೆ ಎತ್ತಿ ಕೇಳಿದ. "ಯಾರ ಮನಿ ರಂಜಕ ಕಾಕಾ?"

ನಿಜಾಮಸಾಬರು ಇಷ್ಟು ದಿನ ನಿದ್ದೆಗೆಟ್ಟು ಎಲ್ಲವನ್ನೂ ಯೋಚಿಸಿದ್ದರು, ಇದೊಂದನ್ನು ಯೋಚಿಸಿರಲಿಲ್ಲ. "ನಿಮ್ಮ ಮನೀದ" ಅಂದರು. "ನಿಮ್ಮವ್ವ ಕೊಟ್ಟಿದ್ದು."

"ಭರಣ್ಯಾಗ ಇನ್ನೂ ಐತೇನ್ರಿ?"

"ಇಲ್ಲಪಾ. ಚಿಂತಿ ಹತ್ತಿ ಇವತ್ತ ಮುಂಜಾನೆ ರೊಟ್ಟಿ ಹಚ್ಚಿ ಬಳದು ತಿಂದೆ. ನಿಮ್ಮ ಮನ್ಯಾಗ ಇರಬೇಕಲ್ಲ?"

"ಬೀಗರು ಮೊದಲ ದಿನಾನ ಖಾಲಿ ಮಾಡ್ಯಾರ."

ಭರಮಪ್ಪ ಎದ್ದು ಒಳಗೆ ಹೋದ. ಎಲ್ಲರೂ ಊಟದಲ್ಲಿದ್ದರು, ಕುರ್ಚಿಯ ಕಡೆ ಯಾರ ಗಮನವೂ ಇರಲಿಲ್ಲ. ಚಿತ್ರ ತಂದು, ಹಾರ ತೆಗೆದು ಒಳಕಲ್ಲಿನ ಮೇಲಿಟ್ಟ. ಕುಡುಗೋಲಿನ ತುದಿಯಿಂದ ಹಿಂದಿನ ಮೊಳೆ ಎಬ್ಬಿಸಿ ಗಾಜು ಬಿಚ್ಚಿದ. ಆ ಕೆಂಪು ಕಲೆಯ ಹತ್ತಿರ ಮೂಗು ತಂದು ಉಸಿರು ಎಳೆದುಕೊಂಡ. ಇನ್ನೊಮ್ಮೆ ಎಳೆದುಕೊಂಡ. ಆಮೇಲೆ ಅವನ ಹೆಗಲು ಅಲುಗಾಡತೊಡಗಿದವು. ಊಟಕ್ಕೆ ಕರೆಯುತ್ತಿದ್ದವಳು, ತಾಟಿನಲ್ಲಿ ರೊಟ್ಟಿ ಹಾಕಿ ಪಕ್ಕಕ್ಕೆ ಬೆರಳಿನಿಂದ ಒಂದಿಷ್ಟು ಹಚ್ಚುತ್ತಿದ್ದವಳು, ಅವನ ಮೂಗಿನ ಹತ್ತಿರ ಬಂದಿದ್ದಳು. ಅವನು ಸಣ್ಣ ಹುಡುಗನ ಹಾಗೆ ದನಿ ತೆಗೆದು ಅತ್ತ. ನಿಜಾಮಸಾಬರು ಶಾಲಿನಲ್ಲಿ ತಮ್ಮ ಕಣ್ಣು ಒರೆಸಿಕೊಂಡರು, ಶಾಲು ಮೊದಲ ದಿನವೇ ಹಾಳಾಯಿತು.

ಅಳುವ ಸಪ್ಪಳ ಕೇಳಿ ಮೈಲಾರವ್ವ ಕೈಯಲ್ಲಿ ತುತ್ತು ಹಿಡಿದೇ ಹಿತ್ತಲ ಬಾಗಿಲಿಗೆ ಬಂದಳು. ನೋಡಿ ತೃಪ್ತಿಯಾಗಿ ಒಳಗೆ ಹೋಗಿ, "ಅಂತೂ ಅತ್ತ. ಸಾಹೇಬ್ರ ಚಿತ್ರಾ ಅಂದ್ರ ಚಿತ್ರಾ" ಎಂದು ಪಂಕ್ತಿಗೆ ಸುದ್ದಿ ಕೊಟ್ಟು ಊಟ ಮುಂದುವರಿಸಿದಳು.

ಕಡಲೆ ಸುಗ್ಗಿ ಮುಗಿದು ಹಣ್ಣು ಮೆಣಸಿನಕಾಯಿ ಬರುವ ಹೊತ್ತಿಗೆ ಚಿತ್ರದ ವಾಸನೆ ಹೋಗಿತ್ತು. ಬ್ಯಾನರ್ ಯಾರದೋ ಮೇವಿನ ಬಣವಿಗೆ ಹೊದಿಕೆಯಾಗಿತ್ತು. ನಿಜಾಮಸಾಬರು ಬದುವಿನ ಮೇಲೆ ಅದೇ ಬನ್ನಿಗಿಡದ ಕೆಳಗೆ ಕೂತು, ಕೆಳಗೆ ಕರಿ, ಮೇಲೆ ಬೂದಿ ಬಳಿಯುತ್ತಿದ್ದರು. ಹೊಲ ಖಾಲಿ ಇತ್ತು. ಭರಮಪ್ಪ ಬಂದು ಪಕ್ಕದಲ್ಲಿ ಕೂತ. ಟವೆಲ್ಲಿನಿಂದ ಒಂದು ಸಣ್ಣ ಭರಣಿ ತೆಗೆದ. ಅವನ ಕೈಬೆರಳು ಉರಿದು ಊದಿಕೊಂಡಿದ್ದವು.

"ನಾನ ರುಬ್ಬೇನ್ರಿ" ಅಂದ.

ನಿಜಾಮಸಾಬರು ಈ ಸಲ ಚಿತ್ರವನ್ನು ದೂರ ಸರಿಸಿ ಬುತ್ತಿ ಬಿಚ್ಚಿದರು. ರೊಟ್ಟಿ ಮುರಿದು, ರಂಜಕ ಹಚ್ಚಿ ಬಾಯಿಗಿಟ್ಟರು. ಭರಮಪ್ಪ ಅವರ ಮುಖವನ್ನೇ ನೋಡುತ್ತಿದ್ದ.

"ಕಾಕಾ, ಇದು ನಮ್ಮವ್ವಂದು ಇದ್ದಂಗ ಐತೇನ್ರಿ?"

ನಿಜಾಮಸಾಬರು ನಿಧಾನವಾಗಿ ಅಗಿದು ನುಂಗಿದರು.

"ಇಲ್ಲಪಾ" ಅಂದರು. "ಉಪ್ಪು ಭಾಳ ಆಗೈತಿ."

ಭರಮಪ್ಪ ತಲೆಯಾಡಿಸಿದ. ತಾನೂ ಒಂದು ರೊಟ್ಟಿ ತೆಗೆದುಕೊಂಡ. ಇಬ್ಬರೂ ಆ ಕರಿ ಹೊಲ ನೋಡುತ್ತ, ಭರಣಿ ಅರ್ಧ ಆಗುವ ತನಕ ತಿಂದರು.